ಜಯಮ್ಮನ ಬಣ್ಣ ಕಲಸಿದ್ದು

ಚಿತ್ರ ಬರೆಯುವುದು ಏನು ಮಹಾ ವಿದ್ಯೆ ಎಂದೇ ನಾನು ತಿಳಿದಿದ್ದೆ. ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವನು ನಾನು. ಎಂಥ ಡ್ರಾಯಿಂಗ್ ಕೊಟ್ಟರೂ ಕೂದಲೆಳೆ ತಪ್ಪದೆ ಕಬ್ಬಿಣದಲ್ಲಿ ಇಳಿಸಿದವನು. ಅಂಥವನಿಗೆ ಸ್ವಂತ ಹೆಂಡತಿಯ ಮುಖ ಬರೆಯುವುದು ಕಷ್ಟವೇ?

ಬರೆಯುವ ಅಗತ್ಯ ಬಿದ್ದದ್ದು ಹೀಗೆ. ಜಯಮ್ಮ ಹೋಗಿ ವರ್ಷವಾಗುತ್ತ ಬಂದಿತ್ತು. ವರ್ಷದ ಕಾರ್ಯಕ್ಕೆ ಗೋಡೆಯ ಮೇಲೆ ಒಂದು ಫೋಟೋ ಬೇಕು. ಇದ್ದದ್ದು ಒಂದೇ ಒಂದು ಚಿಕ್ಕ ಫೋಟೋ, ಅದರ ಮೂಗು ಬಾಯಿಯ ಮೇಲೆ ಯಾವುದೋ ಆಫೀಸಿನ ಮೊಹರು. ಸ್ಟುಡಿಯೋದವರು ಅದನ್ನು ಕಂಪ್ಯೂಟರಿಗೆ ಹಾಕಿ, ಯಾರದೋ ಮೂಗು ಅಂಟಿಸಿ, ಎಣ್ಣೆಗಪ್ಪಿನ ಜಯಮ್ಮನನ್ನು ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿಸಿ, ಹಿಂದೆ ಒಂದು ಜಲಪಾತವನ್ನೂ ಹರಿಸಿ ಕೊಟ್ಟರು.

ಅದನ್ನು ಅಕ್ಕ ನೋಡಿದಳು. ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ಜಯಮ್ಮನ ತಾಯಿಯೂ ಅವಳೇ. ಅಕ್ಕನ ಮಗಳನ್ನೇ ಮದುವೆಯಾದವನು ನಾನು. ಹೀಗಾಗಿ ನನ್ನನ್ನು ಬೈಯಲು ಅವಳಿಗೆ ಎರಡೂ ಕಡೆಯಿಂದ ಅಧಿಕಾರವಿದೆ.

“ಯಾರ್ಲಾ ಇವ್ಳು?”

“ಜಯಮ್ಮನೇ ಅಕ್ಕಾ.”

“ನನ್ ಮಗ್ಳಾ ಇವ್ಳು? ಯಾರ್ದೋ ಮನೆ ಹೆಂಗ್ಸಿಗೆ ನಾನ್ಯಾಕ್ಲಾ ಹೂ ಹಾಕ್ಲಿ? ತಗಂಡೋಗು ಅತ್ಲಾಗೆ!”

ಒಳಗೆ ಹೋದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಳು. ಅದನ್ನು ನೋಡಲಾರದೆ ನಾನು ಘೋಷಿಸಿಯೇಬಿಟ್ಟೆ: “ನಾನೇ ಬರೀತೀನಿ ಅಕ್ಕಾ. ವರ್ಷದ ದಿನ ನಿನ್ ಮಗ್ಳು ಈ ಗೋಡೆ ಮೇಲಿರ್ತಾಳೆ!”

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಭಾನುವಾರ ಚಿತ್ರಕಲೆ ಕಲಿಸುವ ತಮಿಳು ಮಾಸ್ತರರೊಬ್ಬರಿದ್ದರು. “ಮೊದ್ಲು ಪ್ಲಾನ್ ಸಾರ್. ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಸ್ಕೆಚ್ ಮಾಡಿ. ಮುಖ ಎಲ್ಲಿ, ಬೆಳಕು ಎಲ್ಲಿ, ಕತ್ತಲೆ ಎಲ್ಲಿ, ಎಲ್ಲಾ ಅಲ್ಲೇ ತೀರ್ಮಾನ ಆಗ್ಬೇಕು” ಎಂದರು.

ಪ್ಲಾನ್! ಅದನ್ನು ನನಗೆ ಹೇಳಿಕೊಡಬೇಕೆ? ಮುಂದಿನ ಭಾನುವಾರ ಅವರ ಮುಂದೆ ಅಚ್ಚುಕಟ್ಟಾದ ಹಾಳೆ ಹರಡಿದೆ. ಫ್ರಂಟ್ ವ್ಯೂ, ಸೈಡ್ ವ್ಯೂ, ಟಾಪ್ ವ್ಯೂ. ಕಿವಿಯಿಂದ ಕಿವಿಗೆ ಅಳತೆ. ಬೈತಲೆಯೇ ಸೆಂಟರ್ ಲೈನ್!

ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಸಾರ್, ಅಮ್ಮಾವ್ರನ್ನ ಲೇತ್‌ಗೆ ಹಾಕ್ತೀರಾ?”

ಮನೆಯಲ್ಲಿ ಅಕ್ಕ ಟಾಪ್ ವ್ಯೂ ಕೈಗೆತ್ತಿಕೊಂಡು ನಾಲ್ಕೂ ಕಡೆ ತಿರುಗಿಸಿ ನೋಡಿದಳು. “ಇಡ್ಲಿ ಮೇಲೆ ವಡೆ ಮಡ್ಗಿದಂಗೈತೆ. ಏನ್ಲಾ ಇದು?”

“ಮೇಲಿಂದ ನೋಡಿದ್ರೆ ಜಯಮ್ಮ ಕಾಣೋದು ಹಂಗೇ ಅಕ್ಕಾ.”

“ನೀನ್ಯಾವಾಗ್ಲಾ ಅವ್ಳನ್ನ ಮೇಲಿಂದ ನೋಡ್ದೆ? ಅಟ್ಟ ಹತ್ತಿದ್ದಾ?”

ನನಗೆ ರೇಗಿತು. ಸ್ಕೆಚ್ಚೂ ಬೇಡ, ಪ್ಲಾನೂ ಬೇಡ ಎಂದು ನೇರವಾಗಿ ಕ್ಯಾನ್ವಾಸಿಗೇ ಕೈಹಾಕಿದೆ. ಸೀರೆಯ ಅಂಚು ನೆಟ್ಟನೆ ಗೆರೆ. ಅದು ನನ್ನ ಕೈಗೆ ಒಗ್ಗಿದ್ದು. ಅಲ್ಲಿಂದಲೇ ಆರಂಭಿಸಿದೆ. ಅಂಚು ಸೊಗಸಾಗಿ ಬಂತು. ಸೆರಗು ಬಂತು. ಭುಜ ಬಂತು. ಕ್ಯಾನ್ವಾಸ್ ಮುಗಿಯಿತು. ತಲೆಗೆ ಜಾಗವೇ ಇರಲಿಲ್ಲ!

ಮತ್ತೆ ಬೆಂಕಿಪೊಟ್ಟಣಕ್ಕೇ ಶರಣಾದೆ. ಜಯಮ್ಮನ ತಲೆಗೆ ಒಂದು ಜಾಗ ಸಿಗುವ ಹೊತ್ತಿಗೆ ನನ್ನ ತಲೆ ಕೆಟ್ಟಿತ್ತು.

ಆಮೇಲೆ ಬಣ್ಣ. ಬಿಳಿ, ಕೆಂಪು, ಹಳದಿ ಕಲಸಿದೆ. ಸಿಹಿಗುಂಬಳ ಬಂತು. ಜಯಮ್ಮ ಕಪ್ಪಲ್ಲವೇ ಎಂದು ಕಪ್ಪು ಸೇರಿಸಿದೆ. ಹಸಿರಾಯಿತು! ಹಳದಿಗೆ ಕಪ್ಪು ಬಿದ್ದರೆ ಪಾಚಿ ಹುಟ್ಟುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಸರಿಮಾಡಲು ಬಿಳಿ, ಬಿಳಿಯನ್ನು ಸರಿಮಾಡಲು ಕೆಂಪು. ಓಣಿಯ ಹೆಂಗಸರಿಗೆಲ್ಲ ಬಳಿಯುವಷ್ಟು ಬಣ್ಣ ತಟ್ಟೆಯಲ್ಲಿ ತುಂಬಿತು. ಅದರಲ್ಲಿ ಜಯಮ್ಮ ಮಾತ್ರ ಇರಲಿಲ್ಲ.

ಮುದ್ದೆ ಕಟ್ಟುತ್ತಿದ್ದ ಅಕ್ಕ ಎದ್ದು ಬಂದು ಇಣುಕಿದಳು. “ಹುಟ್ಟಿದಾಗಿಂದ ನನ್ ಬಣ್ಣಾನೇ ಕಣ್ಲಾ ಅವ್ಳ್ದು. ಇಕ, ನೋಡ್ಕಂಡ್ ಕಲಸು” ಎಂದು ಕೈ ತೊಳೆದು ತೋಳು ಚಾಚಿದಳು.

ಈ ಸಲ ಮಾಸ್ತರರಿಗೆ ಫೋನ್ ಮಾಡಿ ಕೇಳಿದೆ. ಕಪ್ಪು ಬಿಟ್ಟು, ಕಂದು ಬಣ್ಣಕ್ಕೆ ತುಸು ಕೆಂಪು, ಚೂರೇ ಚೂರು ನೀಲಿ. ಕಲಸಿದಾಗಲೆಲ್ಲ ಅಕ್ಕನ ತೋಳಿಗೆ ಒಂದು ಚುಕ್ಕೆ ಇಟ್ಟು ಹೋಲಿಸಿ ನೋಡುವುದು. ಮುಂಗೈ ಮುಗಿದು ಮೊಣಕೈ ದಾಟುವ ಹೊತ್ತಿಗೆ ಪಕ್ಕದ ಮನೆಯ ಸೆಲ್ವಿ ಕರಿಬೇವು ಕೇಳಲು ಬಂದಳು.

“ಅಯ್ಯಯ್ಯೋ! ಎನ್ನಕ್ಕಾ ಇದು? ಕೈಯೆಲ್ಲಾ ಏನಾಯ್ತು? ಡಾಕ್ಟರ್‌ಗೆ ತೋರ್ಸ್ಲಿಲ್ವಾ?”

“ಡಾಕ್ಟ್ರು ಇಲ್ಲೇ ಕುಂತವ್ನೆ ನೋಡು. ರೋಗ ಬರ್ಸಿದ್ದೂ ಇವ್ನೇ!”

ಸೆಲ್ವಿ ಕರಿಬೇವು ಮರೆತು ಹೋದಳು. ನಾನು ಮತ್ತೆ ಕಲಸಿ ಇನ್ನೊಂದು ಚುಕ್ಕೆ ಇಟ್ಟೆ. ಕಾಣಲಿಲ್ಲ. ಇಟ್ಟೆನೋ ಇಲ್ಲವೋ ಎಂದು ಬಗ್ಗಿ ಹುಡುಕಿದೆ. ಅಕ್ಕನೂ ಹುಡುಕಿದಳು. ಚುಕ್ಕೆ ಅವಳ ತೋಳಿನಲ್ಲಿ ಕರಗಿಹೋಗಿತ್ತು. ಅಕ್ಕ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

ಆಮೇಲೆ ಉಳಿದ ಚುಕ್ಕೆಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆಯುವಾಗ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಉಳಿದದ್ದು ಮುಖ. ಮೊಹರಿನ ಕೆಳಗೆ ಏನೂ ಕಾಣದು. “ನೆರಳು ಎಲ್ಲಿ ಬೀಳುತ್ತೆ ಅಂತ ಜೀವ ಇರೋ ಮುಖ ಒಂದನ್ನ ನೋಡ್ಕೊಂಡು ಬರೀರಿ ಸಾರ್” ಎಂದಿದ್ದರು ಮಾಸ್ತರರು. ಅಕ್ಕ ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಕೂರಿಸಿದರೆ “ಒಲೆ ಮೇಲೆ ಸಾರೈತೆ” ಎಂದು ಎದ್ದು ಹೋಗುತ್ತಿದ್ದಳು. ಹಾಗಾಗಿ ನಾನು ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನೇ ಮುಂದಿಟ್ಟುಕೊಂಡೆ. ಮೀಸೆಯೊಂದನ್ನು ಬರೆಯಲಿಲ್ಲ. ಅಷ್ಟು ಎಚ್ಚರ ನನಗಿತ್ತು!

ವರ್ಷದ ದಿನ ತಳಿ ಊರಿನಿಂದ ನೆಂಟರು ಬಂದಿಳಿಯುವ ಮೊದಲೇ ಚಿತ್ರ ಗೋಡೆಗೇರಿತು. ಅಕ್ಕನನ್ನು ಕರೆದೆ. ಹತ್ತಿರ ಹೋಗಿ ನೋಡಿದಳು. ದೂರ ನಿಂತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಬಣ್ಣ ನನ್ ಮಗ್ಳದೇ ಕಣ್ಲಾ” ಎಂದಳು. “ಮುಖ ನಿಂದು!”

ತಲೆಯೆತ್ತಿ ನೋಡಿದೆ. ಹಸಿರು ಸೀರೆ ಉಟ್ಟು, ಹಣೆಗೆ ಕುಂಕುಮವಿಟ್ಟು, ಮೂಗುತಿ ತೊಟ್ಟು, ಗೋಡೆಯ ಮೇಲೆ ಗಂಭೀರವಾಗಿ ಕುಳಿತವನು ಸಾಕ್ಷಾತ್ ನಾನೇ!

“ತೆಗೆದುಬಿಡ್ತೀನಿ ಅಕ್ಕಾ.”

“ಬ್ಯಾಡ ಬುಡ್ಲಾ. ಬಣ್ಣಾನಾದ್ರೂ ಇರ್ಲಿ ಮನೇಲಿ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ಎರಡೂ ಇತ್ತೋ ಏನೋ. ಮೊದಲ ಹೂ ಅವಳೇ ಹಾಕಿದಳು.

ನೆಂಟರು ಬಂದರು. ಒಬ್ಬೊಬ್ಬರೂ ಚಿತ್ರ ನೋಡಿ, ನನ್ನನ್ನು ನೋಡಿ, ಮತ್ತೆ ಚಿತ್ರ ನೋಡಿ, ಹೂ ಹಾಕಿ ಸರಿದರು. ಕೊನೆಗೆ ನನ್ನ ಸರದಿ ಬಂತು. ಕಣ್ಣು ಮುಚ್ಚಿ ಜಯಮ್ಮನನ್ನು ನೆನೆದೆ. ಕಣ್ಣು ತೆರೆದು, ಸೀರೆ ಉಟ್ಟ ನನಗೆ ನಾನೇ ಹಾರ ಹಾಕಿದೆ!