ಬೀಗರಿಗೆ ಎರಡೇ ರೌಂಡು

ಅಣ್ಣನ ಮಗಳು ರೂಪಾಳ ಮದುವೆಯಲ್ಲಿ ನನಗೆ ವಹಿಸಿದ್ದು ಒಂದೇ ಕೆಲಸ. ಬೀಗರೂಟದ ದಿನ ಗಂಡಿನ ತಂದೆಗೆ ಕುಡಿಸಬೇಕು. ಕುಡಿಸಿ, ಹದ ನೋಡಿ ನಿಲ್ಲಿಸಬೇಕು. ಇಷ್ಟೇ. ಅಡುಗೆ, ಹೂವು, ಫೋಟೊ ಮುಂತಾದ ತಲೆನೋವುಗಳನ್ನೆಲ್ಲ ಬೇರೆಯವರು ಹಂಚಿಕೊಂಡಿದ್ದರು. ನಾನು ನಗುನಗುತ್ತ ಒಪ್ಪಿಕೊಂಡೆ. ಇದರಲ್ಲಿ ಕೆಡುವುದಕ್ಕೆ ಏನಿದೆ!

ನಮ್ಮ ಕಡೆಯ ಪದ್ಧತಿ ತಿಳಿಯದವರಿಗಾಗಿ ಎರಡು ಮಾತು. ಮದುವೆಯ ದಿನ ಎಲ್ಲರೂ ಪಾಯಸ ಉಂಡು ಸಜ್ಜನರಾಗಿರುತ್ತಾರೆ. ಅದಾದ ಮೇಲೆ ಬೀಗರೂಟ ಎಂದು ಬಾಡೂಟ ಹಾಕಿಸುತ್ತಾರೆ. ಆಮಂತ್ರಣ ಪತ್ರದಲ್ಲಿ ಊಟದ ಹೊತ್ತು ಮಾತ್ರ ಅಚ್ಚಾಗಿರುತ್ತದೆ. ಊಟಕ್ಕೆ ಮುಂಚಿನ ಕಾರ್ಯಕ್ರಮವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಆದರೆ ಅದಕ್ಕೆ ಯಾರೂ ತಡವಾಗಿ ಬರುವುದಿಲ್ಲ. ಹೆಣ್ಣಿನ ಕಡೆಯ ಗಂಡಸೊಬ್ಬ ಬೀಗರನ್ನು ಪಕ್ಕಕ್ಕೆ ಕರೆದೊಯ್ದು, ಕೂರಿಸಿ, ಉಪಚಾರ ಮಾಡಬೇಕು. ಉಪಚಾರ ಕಮ್ಮಿಯಾಯಿತೋ, ಆ ಮಾತು ಮೊಮ್ಮಕ್ಕಳ ನಾಮಕರಣದವರೆಗೂ ಬರುತ್ತದೆ.

ಈ ಸಲ ಒಂದು ತೊಡಕಿತ್ತು. ಊಟವಾದ ಮೇಲೆ ರೂಪಾ ಹುಣಸೂರಿನ ಗಂಡನ ಮನೆಗೆ ಹೋಗಬೇಕಾದದ್ದು ಬೀಗರದೇ ಕಾರಿನಲ್ಲಿ. ಓಡಿಸುವವರು ಖುದ್ದು ಬೀಗರು, ಪುಟ್ಟಸ್ವಾಮಿಯವರು. ಮದುಮಗನಿಗೆ ಬೈಕ್ ಬಿಟ್ಟು ಬೇರೇನೂ ಓಡಿಸಲು ಬರದು. ದೀಪ ಹಚ್ಚುವ ಹೊತ್ತಿಗೆ ಸೊಸೆ ಹೊಸ್ತಿಲು ದಾಟಿರಬೇಕು. ರೂಪಾಳನ್ನು ಎತ್ತಿ ಆಡಿಸಿದ ನನ್ನ ಹೆಂಡತಿ ಸುಜಾತ ನನ್ನನ್ನು ಅಡುಗೆಮನೆಗೆ ಕರೆದು ತಣ್ಣಗೆ ಹೇಳಿದಳು.

“ಆ ಕಾರಲ್ಲಿ ನಮ್ಮ ಹುಡುಗಿ ಕೂತ್ಕೊಳ್ತಾಳೆ ಕಣ್ರೀ. ದಾರೀಲಿ ಏನಾದ್ರೂ ಆಯ್ತು ಅಂದ್ರೆ ನಿಮ್ಮ ಮುಖ ನೋಡಲ್ಲ ನಾನು.”

ನಾನು ನಕ್ಕೆ. ನಾನು ವಾಹನ ವಿಮೆಯ ಏಜೆಂಟ್. ಕುಡಿದು ಗುದ್ದಿಸಿದವರ ಅರ್ಜಿಗಳು ಹೇಗೆ ತಿರಸ್ಕೃತವಾಗಿ ವಾಪಸ್ಸು ಬರುತ್ತವೆ ಎಂದು ಮೈಸೂರಿನ ನಮ್ಮ ಬಡಾವಣೆ ದಟ್ಟಗಳ್ಳಿಯ ಅರ್ಧ ಜನಕ್ಕೆ ತಿಳಿಹೇಳಿದವನು. ಈ ವಿಷಯದಲ್ಲಿ ನನಗೊಂದು ಸಿದ್ಧಾಂತವೇ ಇತ್ತು. ಕುಡಿಯುವವನನ್ನು ತಡೆಯುವುದು ಹೆಂಡತಿಯ ಕೆಲಸವಲ್ಲ, ಪೊಲೀಸರದ್ದೂ ಅಲ್ಲ. ಅದು ಬಾರ್‌ನವರ ಕೆಲಸ! ಸುರಿದು ಕೊಡುವವನಿಗೆ ಸಾಕು ಎನ್ನುವ ಹೊಣೆಯೂ ಇರಬೇಕು. ಈ ಸಿದ್ಧಾಂತವನ್ನು ಹತ್ತಾರು ಕಡೆ ಮಂಡಿಸಿದ್ದೆ, ಎಲ್ಲೂ ಪ್ರಯೋಗ ಮಾಡಿರಲಿಲ್ಲ. ಈಗ ಅವಕಾಶ ತಾನಾಗಿ ಒದಗಿ ಬಂದಿತ್ತು.

ಹುಣಸೂರು ರಸ್ತೆಯ ಹಿನಕಲ್‌ನಲ್ಲಿ ನಾವು ಹಿಡಿದಿದ್ದ ಕಲ್ಯಾಣ ಮಂಟಪದ ಪಕ್ಕದಲ್ಲೇ ಒಂದು ಬಾರ್ ಅಂಡ್ ರೆಸ್ಟೋರೆಂಟ್. ಹೆಸರು ಹೇಳುವುದಿಲ್ಲ. ಮಾಲೀಕರಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹಿಂದಿನ ದಿನವೇ ಅಲ್ಲಿಗೆ ಹೋದೆ. ಮುಂದುಗಡೆ ಮಂಟಪಕ್ಕೂ ಇಲ್ಲದಷ್ಟು ದೊಡ್ಡ ಪಾರ್ಕಿಂಗ್. ಅದರ ನಡುವೆ ‘ಕುಡಿದು ವಾಹನ ಚಲಾಯಿಸಬೇಡಿ’ ಎಂಬ ಬೋರ್ಡು. ಬೋರ್ಡಿನ ಕಂಬಕ್ಕೆ ಯಾರೋ ಗುದ್ದಿ ಅದು ಒಂದು ಕಡೆಗೆ ವಾಲಿತ್ತು. ಬೋರ್ಡಿನ ಕೆಳಗೆ ಸಮವಸ್ತ್ರ ತೊಟ್ಟ ವಾಚ್‌ಮನ್. ಒಳಗಿನಿಂದ ತೂರಾಡಿಕೊಂಡು ಬಂದವರ ಕಾರುಗಳನ್ನು ಅವನು ಸೀಟಿ ಊದಿ ಹಿಂದಕ್ಕೆ ತೆಗೆಸಿ, ರಸ್ತೆಗೆ ಮುಖ ಮಾಡಿಸಿ, ಸೆಲ್ಯೂಟ್ ಹೊಡೆದು ಬೀಳ್ಕೊಡುತ್ತಿದ್ದ. ಕುಡಿದವರು ಓಡಿಸಬಾರದು ಎಂದ ಮೇಲೆ ಇಷ್ಟು ದೊಡ್ಡ ಪಾರ್ಕಿಂಗ್ ಯಾರಿಗೆ ಎಂದು ಕೇಳೋಣವೆನಿಸಿತು. ಕೆಲಸ ಆಗಬೇಕಿತ್ತು, ಒಳಗೆ ಹೋದೆ.

ಮಾಲೀಕ ಶಿವನಂಜಪ್ಪ ಹಣೆಗೆ ವಿಭೂತಿ ಇಟ್ಟುಕೊಂಡ ಮೃದು ಮಾತಿನ ಮನುಷ್ಯ. ಬೀಗರ ಟೇಬಲ್ಲಿಗೆ ತಲಾ ಎರಡು ರೌಂಡ್ ಕೊಡಿ, ಆಮೇಲೆ ಯಾರು ಕೇಳಿದರೂ ಇಲ್ಲ ಎನ್ನಿ ಎಂದೆ. ಅವರು ಕೇಳಬಾರದ್ದನ್ನು ಕೇಳಿಸಿಕೊಂಡವರ ಹಾಗೆ ನನ್ನನ್ನು ನೋಡಿದರು. ಬೋರ್ಡ್ ಹಾಕಿದ್ದೇವಲ್ಲ ಎಂದರು. ಸರ್ಕಾರ ತಮಗೆ ಕೊಟ್ಟಿರುವುದು ಮಾರುವ ಲೈಸೆನ್ಸು, ಇಲ್ಲ ಎನ್ನುವ ಲೈಸೆನ್ಸಲ್ಲ ಎಂದರು. ಬೇಕಾದರೆ ನೀವೇ ಬೀಗರಿಗೆ ಸಾಕು ಎಂದುಬಿಡಿ ಎಂದರು.

ಹೆಣ್ಣಿನ ಕಡೆಯವನು ಬೀಗರಿಗೆ ಸಾಕು ಎನ್ನುವುದೆ! ಅದಕ್ಕಿಂತ ಮದುವೆ ಮುರಿದರೆ ಮೇಲು. ನನಗೆ ಇಲ್ಲ ಎನ್ನಲು ಮರ್ಯಾದೆ ಅಡ್ಡ, ಅವರಿಗೆ ವ್ಯಾಪಾರ ಅಡ್ಡ. ಬಹಳ ಹೊತ್ತು ಚರ್ಚೆ ನಡೆದು ಕೊನೆಗೆ ಉಭಯ ಪಕ್ಷಗಳ ನಡುವೆ ಒಂದು ಒಪ್ಪಂದ ಏರ್ಪಟ್ಟಿತು. ಸದರಿ ಒಪ್ಪಂದದ ಪ್ರಕಾರ, ಎರಡು ರೌಂಡ್ ಆದ ನಂತರ ನಾನು ಜೋರಾಗಿ ಒತ್ತಾಯ ಮಾಡತಕ್ಕದ್ದು. ಸಪ್ಲೈಯರ್ ನಿಂಗರಾಜು ಸ್ಟಾಕ್ ಇಲ್ಲ ಎನ್ನತಕ್ಕದ್ದು. ವಾಚ್‌ಮನ್ ಬೀಗರ ಕಾರಿನ ಕೀಯನ್ನು ತನ್ನ ಬಳಿ ಇಟ್ಟುಕೊಂಡು, ಅವರು ನೆಟ್ಟಗೆ ನಡೆದರೆ ಮಾತ್ರ ಕೊಡತಕ್ಕದ್ದು. ನನ್ನ ಮರ್ಯಾದೆ ಉಳಿಯಿತು, ಹುಡುಗಿ ಕ್ಷೇಮ, ಕೆಟ್ಟ ಹೆಸರು ಬಾರ್‌ಗೆ. ಮನೆಗೆ ಬಂದು ಸುಜಾತಳಿಗೆ ಎಲ್ಲ ವ್ಯವಸ್ಥೆ ಆಗಿದೆ ಎಂದೆ. ವ್ಯವಸ್ಥೆ ಎಂಬ ಪದ ನನ್ನ ಬಾಯಿಂದ ಬಂದಾಗಲೆಲ್ಲ ಅವಳಿಗೆ ಎದೆ ಹೊಡೆದುಕೊಳ್ಳುತ್ತದೆಯಂತೆ. ನನಗೆ ಆಗ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಪುಟ್ಟಸ್ವಾಮಿಯವರನ್ನೂ ಅವರ ಭಾವಮೈದ ಜವರಯ್ಯನವರನ್ನೂ ಕರೆದುಕೊಂಡು ಬಾರ್‌ಗೆ ಬಂದೆ. ಮಂಟಪದಲ್ಲಿ ಜಾಗವಿಲ್ಲವೆಂದು ಬೀಗರ ಕಾರನ್ನೂ ಅಲ್ಲೇ ನಿಲ್ಲಿಸಿ, ಕೀಯನ್ನು ವಾಚ್‌ಮನ್ ಕೈಗೆ ಕೊಡಿಸಿದೆ. ಪುಟ್ಟಸ್ವಾಮಿಯವರು ಹುಣಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಬಿಳಿ ಪಂಚೆ, ಬಿಳಿ ಶರ್ಟು, ಅಳೆದು ಆಡುವ ಮಾತು. ಕುಳಿತ ಕೂಡಲೇ ತಮಗೆ ಬೇಡ ಎಂದರು.

ನನಗೆ ಸಂತೋಷವಾಯಿತು. ಮನೆತನಸ್ಥ ಬೀಗರು ಮೊದಲು ಬೇಡ ಎನ್ನಲೇಬೇಕು. ಕೇಳಿದ ತಕ್ಷಣ ಹ್ಞೂ ಎನ್ನುವವರನ್ನು ನಮ್ಮಲ್ಲಿ ಯಾರೂ ಬೀಗರೆಂದು ಗಣಿಸುವುದಿಲ್ಲ. ಬೇಡ ಎನ್ನುವುದು ಅವರ ಪಾಲಿನ ಕೆಲಸ, ಬಿಡದಿರುವುದು ನಮ್ಮ ಪಾಲಿನದು. ನಾನು ನನ್ನ ಪಾಲಿನದನ್ನು ಶುರು ಮಾಡಿದೆ.

“ಬ್ಯಾಡ ಕಣ್ರೀ,” ಎಂದರು ಅವರು, ಕೈ ಎದೆಯ ಮೇಲಿಟ್ಟುಕೊಂಡು. “ಗಾಡಿ ಓಡಿಸ್ಬೇಕು. ಸೊಸೆ ಕುಂತಿರ್ತಾಳೆ.”

ಎಂಥ ಘನತೆ! ಸೊಸೆಯ ಹೆಸರು ಹೇಳಿ ಬೇಡ ಎನ್ನುವ ಬೀಗರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮತ್ತೂ ಒತ್ತಾಯಿಸಿದೆ. ಅವರು ಎದ್ದೇ ನಿಂತರು. ಘನತೆ ತುತ್ತತುದಿ ಮುಟ್ಟಿತು ಎಂದುಕೊಂಡು ಕೈ ಹಿಡಿದು ಕೂರಿಸಿದೆ. ಆಗಲೇ ಕಡಲೆಬೀಜದ ತಟ್ಟೆಯನ್ನು ಅರ್ಧ ಮುಗಿಸಿದ್ದ ಜವರಯ್ಯನವರು, ಅಷ್ಟು ಕೇಳುತ್ತಾರೆ, ತಗೊಳ್ಳಿ ಎಂದು ನನಗೆ ದನಿಗೂಡಿಸಿದರು. ಅದಕ್ಕೂ ಬೀಗರು ಮೆತ್ತಗಾಗದಿದ್ದಾಗ ನಾನು ಕೊನೆಯ ಅಸ್ತ್ರ ಬಿಟ್ಟೆ.

“ನೀವು ಮುಟ್ಟಲಿಲ್ಲ ಅಂದ್ರೆ, ನಮ್ಮನೆ ಹೆಣ್ಣು ನಿಮಗೆ ಒಪ್ಪಿಗೆಯಾಗಿಲ್ಲ ಅಂತ ಅಂದ್ಕೊಳ್ತೀನಿ ಬೀಗರೇ.”

ಅವರ ಮುಖ ಸಪ್ಪಗಾಯಿತು. ಕಷಾಯ ಕುಡಿಯುವವರಂತೆ ಕಣ್ಣು ಮುಚ್ಚಿ ಗ್ಲಾಸ್ ಎತ್ತಿದರು. ಗೆದ್ದೆ ಎಂದುಕೊಂಡೆ.

ಎರಡು ರೌಂಡ್ ಆಯಿತು. ಈಗ ನನ್ನ ಯೋಜನೆಯ ಮುಖ್ಯ ಭಾಗ. ಬಾರ್ ಹೇಗಿದ್ದರೂ ಇಲ್ಲ ಎನ್ನುತ್ತದೆ ಎಂಬ ಧೈರ್ಯದಿಂದ ಸುತ್ತಲಿನ ಟೇಬಲ್ಲುಗಳಿಗೂ ಕೇಳುವಂತೆ, ನಮ್ಮ ಬೀಗರಿಗೆ ಇನ್ನೊಂದು ತಗೊಂಡು ಬಾರಪ್ಪ ಎಂದೆ. ಮಾತು ಮುಗಿಯುವ ಮೊದಲೇ ನಿಂಗರಾಜು ಮೂರನೆಯದನ್ನು ತಂದು ಇಟ್ಟ! ಅಷ್ಟು ಚುರುಕು ಸೇವೆಯನ್ನು ನಾನು ಮೈಸೂರಿನ ಯಾವ ಹೋಟೆಲಿನಲ್ಲೂ ಕಂಡಿಲ್ಲ. ಕಣ್ಣು ಮಿಟುಕಿಸಿದೆ. ಅವನು ಅರ್ಥವಾಯಿತು ಎಂದು ತಲೆಯಾಡಿಸಿ, ಹೋಗಿ ಇನ್ನೊಂದನ್ನೂ ತಂದ. ಕೌಂಟರ್‌ವರೆಗೂ ಅವನ ಹಿಂದೆ ಓಡಿ, ನಿನ್ನೆ ಏನು ಮಾತಾಗಿತ್ತು ಎಂದು ಹಲ್ಲು ಕಚ್ಚಿ ಕೇಳಿದೆ.

“ನೆನ್ನೆ ಮೆಲ್ಲಗೆ ಹೇಳಿದ್ರಿ ಸಾರ್,” ಎಂದ ಅವನು. “ಇವತ್ತು ಜೋರಾಗಿ ಹೇಳ್ತಿದೀರಿ. ಜೋರಾಗಿ ಹೇಳಿದ್ದನ್ನ ಕೇಳೋದು ನಮ್ಮ ರೂಢಿ.”

ಪಕ್ಕದಲ್ಲೇ ಕುಳಿತಿದ್ದ ಶಿವನಂಜಪ್ಪನವರು ಊದುಬತ್ತಿ ಹಚ್ಚುವುದರಲ್ಲಿ ಮಗ್ನರಾಗಿದ್ದರು.

ಟೇಬಲ್ಲಿಗೆ ಮರಳಿದವನಿಗೆ ಒಂದೇ ದಾರಿ ಕಂಡಿತು. ಬೀಗರ ಗ್ಲಾಸನ್ನು ನಾನೇ ಖಾಲಿ ಮಾಡಬೇಕು. ಅವರು ಅತ್ತ ನೋಡಿದಾಗ ಎತ್ತಿ ಕುಡಿದೆ. ಹುಡುಗಿಯ ಕ್ಷೇಮಕ್ಕಾಗಿ! ಅವರು ಇತ್ತ ನೋಡಿದರು. ಖಾಲಿ ಗ್ಲಾಸ್ ಕಂಡು, ನನಗೆ ಕುಡಿಯುವ ಆಸೆ ಬಹಳ ಇದೆ, ಒಬ್ಬನೇ ಕುಡಿಯಲು ಸಂಕೋಚಪಡುತ್ತಿದ್ದೇನೆ ಎಂದು ತಿಳಿದುಕೊಂಡರು. ಹೆಣ್ಣು ಕೊಟ್ಟವರಿಗೆ ಕಂಪನಿ ಕೊಡದಿದ್ದರೆ ಹೇಗೆ ಎಂದು ಇನ್ನೊಂದು ತರಿಸಿದರು. ಅದನ್ನೂ ತಡೆಯಲು ನಾನು ಅರ್ಧ ಕುಡಿದೆ. ಅವರು ಉಳಿದರ್ಧ ಕುಡಿದರು. ಹೀಗೆ ಅವರು ನನಗಾಗಿ ಕುಡಿದರು, ನಾನು ಅವರಿಗಾಗಿ ಕುಡಿದೆ. ಕುಡಿಯಬೇಕೆಂಬ ಆಸೆ ಇಬ್ಬರಿಗೂ ಇರಲಿಲ್ಲ. ಇದ್ದದ್ದು ಶಿವನಂಜಪ್ಪನವರಿಗೆ ಮಾತ್ರ.

ಹೊರಗೆ ಬಂದಾಗ ಪಾರ್ಕಿಂಗ್ ಸ್ವಲ್ಪ ವಾಲಿದಂತೆ ಕಂಡಿತು. ಬೋರ್ಡು ನೆಟ್ಟಗೆ ಕಂಡಿತು. ಬೀಗರ ಕಾರು ರಸ್ತೆಗೆ ಮುಖ ಮಾಡಿ, ಎಂಜಿನ್ ಚಾಲೂ ಆಗಿ, ಬಾಗಿಲು ತೆರೆದು ನಿಂತಿತ್ತು. ವಾಚ್‌ಮನ್ ಸೆಲ್ಯೂಟ್ ಹೊಡೆದ. ಕೀ ಇಟ್ಟುಕೊಂಡಿರು ಎಂದಿದ್ದೆನಲ್ಲ ಎಂದು ಗದರಿದೆ. ಇಟ್ಟಿದ್ದೇನಲ್ಲ, ಗಾಡಿಯಲ್ಲೇ ಇದೆ ಎಂದು ತೋರಿಸಿದ.

ನನ್ನ ಸಿದ್ಧಾಂತ ಈಗ ಮೈಮೇಲೆ ಬಂತು. ಶಿವನಂಜಪ್ಪನವರನ್ನು ಹೊರಗೆ ಕರೆದು, ನಿಮ್ಮ ಜವಾಬ್ದಾರಿ ಎಲ್ಲಿ ಎಂದು ಕೇಳಿದೆ. ಅವರಿಗೆ ಬೇಸರವೇನೂ ಆಗಲಿಲ್ಲ. ಜವಾಬ್ದಾರಿಯನ್ನು ತಟ್ಟೆಯಲ್ಲೇ ತರಿಸಿದರು. ಸೋಂಪು, ಏಲಕ್ಕಿ, ಪುದೀನ ಪೆಪ್ಪರಮಿಂಟು. ಬಾಯಿ ವಾಸನೆ ಬರುವುದಿಲ್ಲವಂತೆ. ಮೇನ್ ರೋಡಿನಲ್ಲಿ ಪೊಲೀಸರು ಊದಿಸುತ್ತಿರಬಹುದು, ಹಿಂದಿನ ಬಡಾವಣೆಯೊಳಗೆ ಹೋದರೆ ಯಾರೂ ಕೈ ಅಡ್ಡ ಹಾಕುವುದಿಲ್ಲ ಎಂದು ದಾರಿಯನ್ನೂ ವಿವರಿಸಿದರು.

“ಗೇಟ್ ಒಳಗಡೆ ಏನೇ ಆಗ್ಲಿ, ನಮ್ಮ ಜವಾಬ್ದಾರಿ ಸಾರ್,” ಎಂದರು. “ಆಚೆಗೆ ಪೊಲೀಸ್ನೋರು ಇದಾರೆ, ದೇವ್ರಿದಾನೆ.”

ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಗೇಟಿಗೆ ಅಡ್ಡ ಹಾಕಿ ಕುಳಿತೆ. ಇಲ್ಲಿಂದ ಒಂದು ವಾಹನವೂ ಹೊರಡಕೂಡದು ಎಂದು ಘೋಷಿಸಿದೆ. ಹಿಂದೆ ಕಾರುಗಳ ಸಾಲು ಬೆಳೆಯಿತು. ನೆರೆದವರಿಗೆ ಕುಡಿತ, ಚಾಲನೆ ಮತ್ತು ವಿಮೆ ಎಂಬ ವಿಷಯವಾಗಿ ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆನಂತೆ. ಒಬ್ಬರು ಅತ್ತರು. ಇಬ್ಬರು ಮನಸ್ಸು ಕರಗಿ ವಾಪಸ್ಸು ಒಳಗೆ ಹೋಗಿ ಇನ್ನೊಂದೊಂದು ಹಾಕಿದರು. ಶಿವನಂಜಪ್ಪನವರಿಗೆ ಅವತ್ತು ಮೊದಲ ಬಾರಿಗೆ ಸಿಟ್ಟು ಬಂತು. ಕುಡಿದವನನ್ನು ನಮ್ಮ ಜಾಗದಲ್ಲಿ ಕೂರಿಸಿಕೊಳ್ಳುವುದಿಲ್ಲ, ಎಬ್ಬಿಸಿ ಆಚೆಗೆ ಹಾಕಿ ಎಂದು ವಾಚ್‌ಮನ್‌ಗೆ ಆಜ್ಞೆ ಮಾಡಿದರು. ಆ ಬಾರ್‌ನ ಇತಿಹಾಸದಲ್ಲಿ ಜವಾಬ್ದಾರಿ ಎಂಬುದು ಜಾರಿಯಾದದ್ದು ನನ್ನೊಬ್ಬನ ಮೇಲೆ!

ಆ ಹೊತ್ತಿಗೆ ಸರಿಯಾಗಿ ಊಟ ಮುಗಿಸಿಕೊಂಡು ಮಂಟಪದಿಂದ ಹೆಂಗಸರೆಲ್ಲ ಬಂದರು. ನಡುವೆ ರೂಪಾ, ರೇಷ್ಮೆ ಸೀರೆ, ಮಡಿಲು ತುಂಬಿದ ಅಕ್ಕಿ. ಸುಜಾತ ನನ್ನ ತೋಳು ಹಿಡಿದಿದ್ದ ವಾಚ್‌ಮನ್‌ನನ್ನು ನೋಡಿದಳು, ಕಾರಿಗೆ ಒರಗಿ ನಿಂತ ಬೀಗರನ್ನು ನೋಡಿದಳು.

ಪುಟ್ಟಸ್ವಾಮಿಯವರು ಕಾರಿನಿಂದ ಕೀ ತೆಗೆದು ಸೊಸೆಯ ಕೈಗೆ ಕೊಟ್ಟರು. “ತಪ್ಪಾಯ್ತು ಕಣವ್ವ,” ಎಂದರು. “ನಿಮ್ಮ ಚಿಕ್ಕಪ್ಪ ಒಂದು ಮಾತು ಅಂದ್ಬುಟ್ರು. ತಡ್ಕಳಕ್ಕಾಗ್ನಿಲ್ಲ.”

ರೂಪಾ ನನ್ನ ಕಡೆ ತಿರುಗಿದಳು. “ಚಿಕ್ಕಪ್ಪ, ನೆನ್ನೇನೇ ನಾನು ಮಾವನಿಗೆ ಫೋನ್ ಮಾಡಿ ಕುಡೀಬೇಡಿ ಅಂದಿದ್ದೆ. ಒಂದೇ ಮಾತಿಗೆ ಒಪ್ಕೊಂಡಿದ್ರು.”

ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ನಾಚಿಕೆಯಾಯಿತು. ಹುಡುಗಿ ಒಂದು ಫೋನಿನಲ್ಲಿ ಮುಗಿಸಿದ್ದ ಕೆಲಸವನ್ನು ನಾನು ಒಪ್ಪಂದ ಮಾಡಿಕೊಂಡು, ಮುಂದೆ ನಿಂತು, ಕೈ ಹಿಡಿದು ಕೂರಿಸಿ ಕೆಡಿಸಿದ್ದೆ. ಕುಡಿಯುವುದಿಲ್ಲ ಎಂದು ಬಂದ ಮನುಷ್ಯನಿಗೆ ಆ ಬಾರ್‌ನಲ್ಲಿ ಕುಡಿಸಿದವನು ನಾನೇ.

ಮುಹೂರ್ತಗಳ ಕಾಲ, ಬಾಡಿಗೆಗೆ ಒಬ್ಬ ಡ್ರೈವರ್ ಸಿಗಲಿಲ್ಲ. ಸುಜಾತ ರೂಪಾಳ ಚೀಲ ಎತ್ತಿಕೊಂಡು ರಸ್ತೆಗೆ ನಡೆದಳು. ಹುಣಸೂರು ಬಸ್ಸಿಗೆ ಕೈ ಅಡ್ಡ ಹಾಕಿ, ರೂಪಾಳನ್ನು ಹತ್ತಿಸಿ ತಾನೂ ಹತ್ತಿದಳು. ಹೆಂಗಸರಿಗೆಲ್ಲ ಸರ್ಕಾರದ ಉಚಿತ ಪ್ರಯಾಣ. ಕಂಡಕ್ಟರ್ ಮದುಮಗಳನ್ನು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಮದುಮಗ ಪೆಟ್ಟಿಗೆ ಹಿಡಿದು, ಟಿಕೆಟ್ ಕೊಂಡು, ಕಂಬಿಗೆ ಜೋತು ನಿಂತ. ಬಸ್ಸು ಹೊರಟಿತು.

ನಾನೂ ಬೀಗರೂ ಖಾಲಿಯಾದ ಮಂಟಪಕ್ಕೆ ಬಂದು, ತಣ್ಣಗಾದ ಮಟನ್ ಸಾರಿನಲ್ಲಿ ಮುದ್ದೆ ಮುರಿದು ಉಂಡೆವು. ಜವರಯ್ಯನವರು ಕುರ್ಚಿಗಳನ್ನು ಜೋಡಿಸಿಕೊಂಡು ಮಲಗಿಬಿಟ್ಟಿದ್ದರು. ರಸ್ತೆಯಲ್ಲಿ ಯಾವ ಹಾರ್ನ್ ಕೇಳಿದರೂ ನಾನು ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಸಂಜೆಗೆ ಸುಜಾತಳ ಫೋನ್ ಬಂತು. ಹೊತ್ತಿಗೆ ಸರಿಯಾಗಿ ತಲುಪಿದರಂತೆ. ರೂಪಾ ಸೇರು ಒದ್ದು ಒಳಗೆ ಬಂದಳಂತೆ, ದೀಪ ಹಚ್ಚಿದಳಂತೆ. ನನ್ನ ಕಣ್ಣಲ್ಲಿ ನೀರು ಬಂತು.

“ಬೀಗರೆಲ್ಲಿ ಅಂತ ಇಲ್ಲಿ ಎಲ್ರೂ ಕೇಳ್ತಿದಾರೆ,” ಎಂದಳು. “ಏನ್ ಹೇಳ್ಲಿ?”

ನಾನು ಗಂಟಲು ಸರಿಪಡಿಸಿಕೊಂಡೆ. “ನನ್ನ ಜವಾಬ್ದಾರೀಲಿ ಇದಾರೆ, ಚಿಂತೆ ಮಾಡ್ಬೇಡಿ ಅಂತ ಹೇಳು.”

“ಹಂಗಂದ್ರೆ ಹೆದರ್ಕೊಳ್ತಾರೆ ಕಣ್ರೀ,” ಎಂದು ಫೋನ್ ಇಟ್ಟಳು.