ಸಾರಿನೊಳಗಿನ ನೀರು

ಇನ್ನೊಬ್ಬರಿಗೆ ಕಲಿಸಿದ್ದೆಲ್ಲ ಕಲಿಸಿದವನಿಗೆ ತಿಳಿದಿರಲೇಬೇಕೆಂದೇನೂ ಇಲ್ಲ. ಇದು ನನ್ನ ತಪ್ಪೊಪ್ಪಿಗೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನು ನಾನು. ನೀರಿನ ಪಾಠ ಬಂದರೆ ವಿಶೇಷ ಹುರುಪು. ಬೋರ್ಡಿನ ಮೇಲೆ ದೊಡ್ಡದೊಂದು ಆಮ್ಲಜನಕ, ಅದರ ತಲೆಗೆ ಎರಡು ಪುಟ್ಟ ಜಲಜನಕ ಬರೆದ ಕೂಡಲೇ ‘ಕರಡಿ ಬಂತ್ರೀ ಸರ್’ ಎಂದು ಹಿಂದಿನ ಬೆಂಚು ನಗುತ್ತಿತ್ತು. ನಗಲಿ ಎಂದು ಬಿಟ್ಟು, ಆ ಕರಡಿಯ ಕಿವಿಗಳ ಕಡೆ ತುಸು ಧನ ವಿದ್ಯುತ್ತು, ಗದ್ದದ ಕಡೆ ತುಸು ಋಣ ವಿದ್ಯುತ್ತು ಇರುತ್ತದೆ, ಅದರಿಂದಲೇ ನೀರು ಉಪ್ಪಿನ ಹರಳನ್ನು ಎಳೆದಾಡಿ ಕರಗಿಸುತ್ತದೆ, ಆ ಗುಣದಿಂದಲೇ ರಕ್ತ ಉಂಡದ್ದರ ಸತ್ವವನ್ನು ಹೊತ್ತೊಯ್ಯುತ್ತದೆ, ಮೂತ್ರಪಿಂಡಗಳು ಕಸವನ್ನು ನೀರಿನೊಡನೆ ಹೊರಹಾಕುತ್ತವೆ ಎಂದು ವಿವರಿಸುತ್ತಿದ್ದೆ. ಮೂತ್ರಪಿಂಡ ನಿಂತರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ‘ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು’ ಎನ್ನುತ್ತಿದ್ದೆನೇನೋ.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಗಿರಿಜಾಳ ಮೂತ್ರಪಿಂಡಗಳು ನಿಂತವು. ವಾರಕ್ಕೆ ಮೂರು ಸಲ ಕೇಶ್ವಾಪುರದ ಮನೆಯಿಂದ ಸತ್ತೂರಿನ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಹೋಗುವುದು ಶುರುವಾಯಿತು. ಕುಡಿದದ್ದು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆ, ಹೆಚ್ಚಾದರೆ ಉಸಿರಿಗೇ ಕುತ್ತು, ದಿನಕ್ಕೆ ಮುಕ್ಕಾಲು ಲೀಟರ್ ದಾಟಬಾರದು ಎಂದರು ಡಾಕ್ಟರು. ಇನ್ನೂ ಏನೇನೋ ಹೇಳಿದರು. ವಿಜ್ಞಾನದ ಮಾಸ್ತರನಿಗೆ ಇದನ್ನೆಲ್ಲ ಹೇಳಬೇಕೇ ಎಂಬ ಗತ್ತಿನಲ್ಲಿ ತಲೆಯಾಡಿಸಿ ಬಂದೆ. ಅಡುಗೆಯೂ ನೀರಿನ ಉಸ್ತುವಾರಿಯೂ ನನ್ನ ಪಾಲಿಗೆ ಬಂದವು. ಅಡುಗೆ ಬರುತ್ತಿರಲಿಲ್ಲ, ಅಳತೆ ಬರುತ್ತಿತ್ತು. ಗೆರೆ ಹಾಕಿದ ಗಾಜಿನ ಜಾಡಿಯೊಂದನ್ನು ತಂದು, ಬೆಳಿಗ್ಗೆ ತುಂಬಿಟ್ಟು, ಗುಟುಕು ಗುಟುಕಾಗಿ ಕೊಡತೊಡಗಿದೆ.

“ಏನ್ರಿ, ಗಂಟಲಾ ಒಣಗೇತಿ, ಇನ್ನೊಂದ್ ಗುಟುಕು ಕೊಡ್ರಿ” ಎನ್ನುತ್ತಿದ್ದಳು.

“ಸಂಜಿಗೆ ಕೊಡ್ತೇನಿ.”

“ಸಾಲ್ಯಾಗ ಮಾರ್ಕ್ಸನೂ ಹಿಂಗ ಕೊಡ್ತಿದ್ರೇನು?”

ಇಷ್ಟಾದರೂ ಸತ್ತೂರಿನ ತಕ್ಕಡಿ ಹತ್ತಿದಾಗಲೆಲ್ಲ ಆಕೆಯ ತೂಕ ಮೂರು ಕಿಲೋ ಏರಿರುತ್ತಿತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಎಲ್ಲೋ ಕದ್ದು ಕುಡಿಯುತ್ತಿದ್ದಾಳೆಂದು ನಾನು ತೀರ್ಮಾನಿಸಿದೆ. ಬಚ್ಚಲಿಗೆ ಹೋದರೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುವಷ್ಟು ಸಣ್ಣವನಾದೆ. ಒಂದು ಬೆಳಿಗ್ಗೆ ಆಕೆಗೆ ಉಸಿರಾಡುವುದೇ ಕಷ್ಟವಾಯಿತು. ಕಾಲು ಬಾತಿದ್ದವು, ಮಲಗಲೂ ಆಗುತ್ತಿರಲಿಲ್ಲ. ರಿಕ್ಷಾದಲ್ಲಿ ಸತ್ತೂರು ಮುಟ್ಟುವವರೆಗೆ ನನ್ನ ತೋಳು ಹಿಡಿದ ಕೈ ಬಿಡಲಿಲ್ಲ. ಭಯವಾದರೆ ನನಗೆ ಸಿಟ್ಟು ಬರುತ್ತದೆ. ಯಂತ್ರ ಹಚ್ಚುತ್ತಿದ್ದ ಸಿಸ್ಟರ್ ಎದುರಿಗೇ ಕೇಳಿಬಿಟ್ಟೆ: “ಖರೇ ಹೇಳು ಗಿರಿಜಾ, ಎಲ್ಲಿ ಕುಡದಿ?”

ಆಕೆ ಇಲ್ಲವೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ಬಂತು.

“ಮಾಸ್ತರ, ನಿನ್ನಿ ಊಟಕ್ಕ ಏನೇನ್ ಕೊಟ್ರಿ?” ಎಂದಳು ಸಿಸ್ಟರ್.

ಪಾಠ ಒಪ್ಪಿಸಿದೆ. “ಮುಂಜಾನೆ ಗಂಜಿ. ಮಧ್ಯಾಹ್ನ ಸಾರು, ಅನ್ನ, ಮಜ್ಜಿಗಿ. ಬಾಯಿರುಚಿಗೆ ಉಪ್ಪಿನಕಾಯಿ. ಸಂಜಿಗೆ ಕಲ್ಲಂಗಡಿ. ರಾತ್ರಿ ಮತ್ತ ಸಾರು.”

“ಸಾರಿನೊಳಗ ಇರೋದು ಏನ್ರಿ, ನೀರಲ್ಲೇನು? ಗಂಜಿ, ಮಜ್ಜಿಗಿ, ಕಲ್ಲಂಗಡಿ ಎಲ್ಲಾ ನೀರ! ಉಪ್ಪಿನಕಾಯಿ ತಿನಿಸಿದ್ರ ನೀರಡಿಕಿ ಆಗದ ಏನಾಗ್ತದ? ಕಲ್ಲಂಗಡಿ ಅಂತೂ ಇನ್ನ ಕೊಡಬ್ಯಾಡ್ರಿ.”

ನಿಂತಲ್ಲೇ ಕರಗಿಹೋಗಬೇಕೆನಿಸಿತು. ಮೂರು ಕಿಲೋ ನೀರನ್ನು ಕದ್ದು ಕುಡಿಸಿದವನು ನಾನೇ. ನಾಲ್ಕು ತಾಸು ಆ ಯಂತ್ರದ ಪಕ್ಕದಲ್ಲಿ ಕುಳಿತೆ. ನಿಧಾನವಾಗಿ ಆಕೆಯ ಉಸಿರು ಹಗುರಾಯಿತು.

ಮನೆಗೆ ಮರಳುವಾಗ “ತಪ್ಪಾತು” ಎಂದೆ.

“ನಿಮ್ಮ ಸಾರು ಬರೇ ನೀರಂತ ನನಗ ಮೊದಲನೇ ದಿನಾನ ಗೊತ್ತಾಗಿತ್ತ್ರಿ” ಎಂದಳು.

“ಮತ್ತ ಹೇಳಬಾರದೇನು?”

“ಅಷ್ಟು ಖುಷಿಲೆ ಬಡಸ್ತಿದ್ರಿ.”

ಅಂದಿನಿಂದ ಸಾರು ಗಟ್ಟಿಯಾಯಿತು, ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತು. ಪ್ರಾಯಶ್ಚಿತ್ತವೆಂದು ಇನ್ನುಮುಂದೆ ನಾನೂ ಆಕೆಯಷ್ಟೇ ನೀರು ಕುಡಿಯುವುದಾಗಿ ಘೋಷಿಸಿದೆ. “ಬ್ಯಾಡ್ರಿ, ನಿಮಗ ಆಗೂದಿಲ್ಲ” ಎಂದಳು. ಮರುದಿನ ಬಿಸಿಲೇರುವವರೆಗೆ ಹಟದಿಂದಿದ್ದೆ. ಮೂರು ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆಕೆ ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡು ಅಡುಗೆಮನೆಗೆ ಹೋಗಿ, ತಂಬಿಗೆಯನ್ನೇ ಎತ್ತಿ ಗಟಗಟ ಕುಡಿದೆ. ತಿರುಗಿದರೆ ಗಿರಿಜಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ನಿಂತು ಕುಡೀಬ್ಯಾಡ್ರಿ, ನೆತ್ತಿಗೇರತದ. ಕುಂತು ಕುಡೀರಿ” ಎಂದಳು.

ಕುಳಿತೆ. ಇನ್ನೊಂದು ತಂಬಿಗೆ ಆಕೆಯೇ ತುಂಬಿ ತಂದುಕೊಟ್ಟಳು. ಬೇಡ ಎನ್ನಬೇಕಿತ್ತು. ಅದನ್ನೂ ಕುಡಿದೆ.