ಹಾವಿನ ಮರಿಗೆ ಊಟ ಮಾಡಿಸಲು ಹೋಗಿ

ಊಟ ಬೇಡ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಜ್ವರ ಬಂದಿದೆ, ಹೊಟ್ಟೆ ಕೆಟ್ಟಿದೆ ಅಂದರೆ ಒಪ್ಪುತ್ತೇನೆ. ಏನೂ ಇಲ್ಲದೆ ತಟ್ಟೆಯ ಮುಂದೆ ಕೂತು ಅನ್ನ ಕೆದಕುವವರನ್ನು ಕಂಡರೆ ಕೈಯಲ್ಲಿರುವ ಸೌಟು ತಾನಾಗಿ ಮೇಲೇಳುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬೇರೆ ವಿದ್ಯೆ ಬರುವುದಿಲ್ಲ, ತಿನ್ನಿಸುವ ವಿದ್ಯೆ ಒಂದು ಬರುತ್ತದೆ. ನೆಂಟರು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಟ್ಟವಳು ನಾನು. ನನ್ನ ನಾದಿನಿಯೊಬ್ಬಳು ನನ್ನ ಕಾಟ ತಾಳದೆ ಹೋಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಲಲ್ಲಿದ್ದ ಹಸುವಿಗೆ ಹಾಕಿದಳು. ಹಸು ತಿಂದಿತು. ಯಾರೋ ಒಬ್ಬರು ತಿಂದರಲ್ಲ ಎಂದು ನನಗೂ ಸಮಾಧಾನವಾಯಿತು. ಇಂಥ ನನ್ನನ್ನು ಇಂಗ್ಲೆಂಡಿನ ಈ ಲೀಡ್ಸ್ ಊರಿನಲ್ಲಿ, ಪೆನ್ಸಿಲ್ಲಿನಷ್ಟು ದಪ್ಪವೂ ಇಲ್ಲದ ಒಂದು ಹಾವಿನ ಮರಿ ಸೋಲಿಸಿತು.

ಹಾವು ಮನೆಗೆ ಬಂದದ್ದು ಹೀಗೆ. ನನ್ನ ಮಗಳು ರೇಖಾ ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು. ಅವಳೂ ಅವಳ ಗಂಡ ಗಿರೀಶನೂ ಹೋದ ವರ್ಷ ಬೇರೆಯಾದರು. ಕಾರಣ ನನ್ನನ್ನು ಕೇಳಬೇಡಿ, ನಾನೂ ಕೇಳಿ ಕೇಳಿ ಬಿಟ್ಟೆ. ಕುಡಿತವಿಲ್ಲ, ಜಗಳವಿಲ್ಲ. ಇಬ್ಬರೂ ಒಳ್ಳೆಯವರೇ. ಆದರೆ ಇಬ್ಬರೂ ಒಂದು ಕೋಣೆಯಲ್ಲಿ ಕೂತರೆ ಫ್ರಿಜ್ಜಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಗಿರೀಶ ಹಡರ್ಸ್‌ಫೀಲ್ಡಿನಲ್ಲಿ ಒಂದು ಫ್ಲ್ಯಾಟು ಹಿಡಿದ. ಮೊಮ್ಮಗ ವಿಭು ವಾರವೆಲ್ಲ ನಮ್ಮ ಹತ್ತಿರ, ಶನಿವಾರ ಭಾನುವಾರ ಅಪ್ಪನ ಹತ್ತಿರ. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಅಪ್ಪ ಕೇಳಿದ. ಅಪ್ಪ ಅಮ್ಮ ಬೇರೆಯಾದ ವರ್ಷ ಮಕ್ಕಳು ಕೇಳಿದ್ದೆಲ್ಲ ಸಿಗುತ್ತದೆ. ಹುಡುಗ ಹಾವು ಕೇಳಿದ. ಕಿತ್ತಳೆ ಬಣ್ಣದ್ದು, ವಿಷ ಇಲ್ಲದ್ದು. ಅದಕ್ಕೆ ಬಿಸ್ಕತ್ತು ಎಂದು ಹೆಸರಿಟ್ಟ. ತಿನ್ನುವ ಪದಾರ್ಥದ ಹೆಸರಿಟ್ಟುಕೊಂಡು ಏನೂ ತಿನ್ನದ ಪ್ರಾಣಿ ಅದು.

ಅದರ ಊಟವೆಂದರೆ ಇನ್ನೂ ಕಣ್ಣು ಬಿಡದ, ಮೈಮೇಲೆ ಕೂದಲು ಬರದ ಇಲಿಮರಿ. ಸತ್ತದ್ದು, ಮಂಜುಗಟ್ಟಿಸಿದ್ದು, ಪೊಟ್ಟಣದಲ್ಲಿ ಬರುತ್ತದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಅಡಿಗೆಮನೆ. ಫ್ರೀಜರಿನಲ್ಲಿ ಕಾಯಿತುರಿ ಡಬ್ಬಿಯ ಪಕ್ಕ ಇಲಿ ಇಡುವಾಗ ರೇಖಾ ನನ್ನ ಮುಖ ನೋಡಿದಳು. "ಇಡೇ, ಅದರ ಊಟ ಅದು. ನಾವು ಬೆಂಡೆಕಾಯಿ ಕೊಯ್ಯೋದಿಲ್ವಾ?" ಅಂದೆ. ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಚಿಮುಟದಲ್ಲಿ ಹಿಡಿದು ಮೂತಿಯ ಹತ್ತಿರ ಆಡಿಸಬೇಕು. ವಿಭು ಆಡಿಸಿದ. ಬಿಸ್ಕತ್ತು ಮುಖ ತಿರುಗಿಸಿತು. ಮಾರನೆಯ ವಾರವೂ ತಿರುಗಿಸಿತು. ಹುಡುಗನ ತುಟಿ ನಡುಗುವುದನ್ನು ನೋಡಿ ನನಗೆ ಹಾವಿನ ಮೇಲೆ ಸಿಟ್ಟು ಬಂತು.

ಹುಡುಗ ಸ್ಕೂಲಿಗೆ ಹೋದಾಗ ನನ್ನ ವಿದ್ಯೆ ತೋರಿಸಿದೆ. ಮೊದಲು ಒಂದು ಮುಚ್ಚಳದಲ್ಲಿ ಹಾಲಿಟ್ಟೆ. ಪ್ರತಿ ವರ್ಷ ಹುತ್ತಕ್ಕೆ ಹಾಲೆರೆದ ಕೈ ಇದು. ಬಿಸ್ಕತ್ತು ಅದರೊಳಗೆ ಬಾಲ ಅದ್ದಿಕೊಂಡು ಆಚೆ ಹೋಯಿತು. ಹಾಗಾದರೆ ಊರಿನ ಹುತ್ತದಲ್ಲಿ ಅಷ್ಟು ವರ್ಷ ಹಾಲು ಕುಡಿದವರು ಯಾರೋ, ಇರುವೆಯೇ ಇರಬೇಕು. ಮುಂದಿನ ವಾರ ಇಲಿಗೆ ಒಂದಿಷ್ಟು ತುಪ್ಪ ಸವರಿದೆ. ಬೆಣ್ಣೆ ಕಾಯಿಸಿ ಮನೆಯಲ್ಲೇ ಮಾಡಿದ ತುಪ್ಪ, ಮನುಷ್ಯರಿಗೇ ಅಳೆದು ಬಡಿಸುತ್ತೇನೆ. ಸಂಜೆ ಬಂದ ವಿಭು ಮೂಸಿ ನೋಡಿ ಕಿರುಚಿದ.

"ಅಜ್ಜಿ! ವೈ ಡಸ್ ಇಟ್ ಸ್ಮೆಲ್ ಲೈಕ್ ದೋಸೆ?"

ಶನಿವಾರ ಅಪ್ಪನ ಮನೆಗೆ ಹೊರಡುವ ಮೊದಲು ವಿಭು ನನ್ನನ್ನು ಹಾವು ಮಾರುವ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯ ಹೆಂಗಸಿಗೆ ಕತ್ತಿನ ತುಂಬ ಹಚ್ಚೆ. ನನ್ನನ್ನು ಲವ್ ಎಂದು ಕರೆದಳು. ಈ ಊರಿನಲ್ಲಿ ಬಸ್ಸಿನವನೂ ನನ್ನನ್ನು ಲವ್ ಅನ್ನುತ್ತಾನೆ. ನನ್ನನ್ನು ಕಟ್ಟಿಕೊಂಡ ಪುಣ್ಯಾತ್ಮ ಸಾಯುವವರೆಗೆ 'ಏಯ್' ಬಿಟ್ಟು ಬೇರೇನೂ ಅನ್ನಲಿಲ್ಲ. ಇರಲಿ. ಅವಳು ಹೇಳಿದ್ದನ್ನು ವಿಭು ನನಗೆ ತಿಳಿಸಿ ಹೇಳಿದ: ಮರಿಗೆ ಹೆದರಿಕೆ. ಬೆಚ್ಚಗೆ, ಕತ್ತಲಲ್ಲಿ, ಸಣ್ಣ ಡಬ್ಬಿಯೊಳಗೆ ಇಲಿಯ ಜೊತೆ ಬಿಟ್ಟು ಮುಚ್ಚಳ ಹಾಕಿ ಹೋಗಿಬಿಡಬೇಕು. ಯಾರೂ ನೋಡಬಾರದು.

ಬೆಚ್ಚಗಿನ ಜಾಗ ನನಗೆ ಗೊತ್ತಿತ್ತು. ಈ ಥಂಡಿ ದೇಶದಲ್ಲಿ ದೋಸೆ ಹಿಟ್ಟು ಹುದುಗು ಬರಲು ನಾನು ನೀರು ಕಾಯಿಸುವ ಬಾಯ್ಲರಿನ ಕಪಾಟಿನಲ್ಲಿ ಇಡುತ್ತೇನೆ. ಹಿಟ್ಟಿನ ಪಾತ್ರೆ ಸರಿಸಿ ಪಕ್ಕದಲ್ಲಿ ಹಾವಿನ ಡಬ್ಬಿ ಇಟ್ಟೆ. ಹಿಟ್ಟು ಉಬ್ಬಿತು, ಹಾವು ತಿನ್ನಲಿಲ್ಲ. ನಾನು ಆಗಾಗ ಮುಚ್ಚಳ ತೆಗೆದು ನೋಡುತ್ತಿದ್ದೆ, ಅಷ್ಟೇ.

"ಅಜ್ಜಿ, ಯೂ ಕೀಪ್ ಸ್ಟೇರಿಂಗ್ ಅಟ್ ಹಿಮ್!"

"ನಾನು ನೋಡಿದ್ರೆ ಅದಕ್ಕೇನೋ ನಷ್ಟ? ನಿಮ್ಮಮ್ಮಂಗೆ ನಾನು ಎದುರಿಗೆ ಕೂತು ನೋಡ್ತಾ ನೋಡ್ತಾನೇ ಊಟ ಮಾಡಿಸಿದ್ದು."

ಮೆಟ್ಟಿಲಿಳಿದು ಬರುತ್ತಿದ್ದ ರೇಖಾ, "ಅದಕ್ಕೇ ಅಮ್ಮ ನಾನು ಹಾಸ್ಟೆಲ್ ಸೇರಿದ್ದು" ಅಂದಳು.

ನಗುವ ಕಾಲ ಅಲ್ಲಿಗೆ ಮುಗಿಯಿತು. ರಾತ್ರಿ ಊಟಕ್ಕೆ ಕೂತಿದ್ದಾಗ ಗಿರೀಶ ಫೋನು ಮಾಡಿದ, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ಅತ್ತೆ, ಈ ವಾರವೂ ತಿನ್ನದಿದ್ರೆ ನಾನೇ ತಗೊಂಡ್ಹೋಗ್ತೀನಿ. ಹೀಗೇ ಆದ್ರೆ ಸತ್ತುಹೋಗುತ್ತೆ" ಅಂದ. ಹಾವು ಹೋದರೆ ಹೋಗಲಿ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ವಿಭು ಚಪಾತಿ ಮುರಿಯುತ್ತ, ಹಾಗಾದರೆ ತಾನೂ ಅಲ್ಲೇ ಇರುತ್ತೇನೆ ಅಂದ. ಪ್ರೈಮರಿ ಮುಗಿಸಿ ಅವನನ್ನು ದೊಡ್ಡ ಸ್ಕೂಲಿಗೆ ಸೇರಿಸುವ ವರ್ಷ ಅದು. ಯಾವ ಊರಿನ ಸ್ಕೂಲು ಎಂಬುದು ಗಂಡಹೆಂಡಿರ ನಡುವೆ ಇತ್ಯರ್ಥವಾಗಿರಲಿಲ್ಲ. ಹುಡುಗನನ್ನೇ ಕೇಳೋಣ ಎಂದು ಬಿಟ್ಟಿದ್ದರು. ರೇಖಾಳ ರೋಟಾ, ಅಂದರೆ ಆಸ್ಪತ್ರೆಯ ಪಾಳಿಯ ಪಟ್ಟಿ, ನೋಡಿದರೆ ವಾರದಲ್ಲಿ ಅರ್ಧದಷ್ಟು ದಿನ ಅವನಿಗೆ ಅಮ್ಮನ ಮುಖವೇ ಕಾಣುವುದಿಲ್ಲ, ಈ ಮುದುಕಿಯ ಮುಖವೇ ಗತಿ. ಹಾವು ಎಲ್ಲಿಯೋ ಹುಡುಗ ಅಲ್ಲಿ ಎಂದು ಅವತ್ತೇ ನನಗೆ ಗೊತ್ತಾಯಿತು. ರೇಖಾಳಿಗೂ ಗೊತ್ತಾಯಿತು. ಅವಳು ಎದ್ದುಹೋಗಿ ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತೊಳೆದಳು.

ಆ ಶುಕ್ರವಾರ ಮನೆಯಲ್ಲಿ ನಾನೊಬ್ಬಳೇ. ಎಲ್ಲವನ್ನೂ ಅಂಗಡಿಯವಳು ಹೇಳಿದ ಹಾಗೆಯೇ ಮಾಡಿದೆ. ತುಪ್ಪವಿಲ್ಲ, ಏನೂ ಇಲ್ಲ. ಡಬ್ಬಿಯಲ್ಲಿ ಕಾಗದದ ಚೂರು ಹಾಸಿ, ಬೆಚ್ಚಗಿನ ಇಲಿ ಇಟ್ಟು, ಬಿಸ್ಕತ್ತನ್ನು ಬಿಟ್ಟು, ಕಪಾಟಿನ ಬಾಗಿಲು ಹಾಕಿದೆ. ಬೀನ್ಸ್ ಹೆಚ್ಚಿದೆ. ಸೀರೆ ಮಡಿಚಿದೆ. ಪಕ್ಕದ ಮನೆಯವರ ಬೆಕ್ಕಿನ ಜೊತೆ ಮಾತಾಡಿದೆ. ಆಮೇಲೆ ದೋಸೆ ಹಿಟ್ಟು ಉಕ್ಕಿ ಚೆಲ್ಲೀತು ಎಂಬ ನೆಪ ಸಿಕ್ಕಿತು. ಕಪಾಟು ತೆಗೆದೆ. ಮುಚ್ಚಳವನ್ನು ಬೆರಳಿನಷ್ಟು ಎತ್ತಿದೆ. ಬಿಸ್ಕತ್ತು ಇಲಿಯ ತಲೆಯ ಹತ್ತಿರ ಬಂದಿತ್ತು. ನಾಲಿಗೆ ಆಡಿಸುತ್ತಿತ್ತು. ಬಾಯಿ ತೆರೆಯಿತು. ನನ್ನ ಕಣ್ಣಾರೆ ನೋಡಿದೆ, ತೆರೆಯಿತು. ನಾನು ಸುಮ್ಮನಿರಬೇಕಿತ್ತು.

"ತಿನ್ನು ನನ್ನಪ್ಪ, ತಿನ್ನು" ಅಂದೆ.

ಅದು ಸರಕ್ಕನೆ ಹಿಂದೆ ಸರಿದು ಕಾಗದದ ಕೆಳಗೆ ಹೋಗಿ ಸುರುಳಿ ಸುತ್ತಿಕೊಂಡಿತು. ಮತ್ತೆ ಹೊರಗೆ ಬರಲಿಲ್ಲ.

ಶನಿವಾರ ಗಿರೀಶ ಬಂದ. "ಚೆನ್ನಾಗಿದ್ದೀರಾ ಅತ್ತೆ?" ಅಂದ. ಉಪ್ಪಿಟ್ಟು ಕೊಟ್ಟೆ. ಬೇರೆಯಾದ ಅಳಿಯನಿಗೆ ಎಷ್ಟು ಬಡಿಸಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಎರಡು ಸಲ ಬಡಿಸಿದೆ. ಅವನು ಎರಡು ಸಲವೂ ತಿಂದ. ಫ್ರೀಜರಿನಲ್ಲಿ ಉಳಿದ ಇಲಿಗಳನ್ನೂ ಕಟ್ಟಿಕೊಟ್ಟೆ. ವಿಭು ಹಾವಿನ ಡಬ್ಬಿಯನ್ನು ತನ್ನ ಸ್ವೆಟರಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಕಾರು ಹತ್ತಿದ. ಸ್ಕೂಲಿನ ಚೀಲವನ್ನೂ ತೆಗೆದುಕೊಂಡಿದ್ದ. ರೇಖಾ ಚೀಲ ನೋಡಿದಳು, ಕಾರಿನ ಬಾಗಿಲು ತಾನೇ ಹಾಕಿದಳು.

ಭಾನುವಾರ ಫೋನು ಬಂತು. "ಅಜ್ಜಿ, ತಿಂತು!" ಅಂದ ಹುಡುಗ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, ಸಂತೋಷಕ್ಕೆ ಕನ್ನಡದಲ್ಲಿ ಹೇಳಿದ.

"ಹೇಗೋ ತಿಂತು? ಏನೋ ಮಾಡಿದ್ರಿ?"

ಏನೂ ಮಾಡಲಿಲ್ಲವಂತೆ. ಅಪ್ಪ ಇಟ್ಟು ಬಾಗಿಲು ಹಾಕಿದನಂತೆ. ಇಬ್ಬರೂ ಫುಟ್‌ಬಾಲ್ ನೋಡುತ್ತ ಕೂತು ಹಾವನ್ನು ಮರೆತೇಬಿಟ್ಟಿದ್ದರಂತೆ. ನೆನಪಾಗಿ ನೋಡಿದರೆ ಇಲಿ ಇಲ್ಲ, ಹಾವಿನ ಹೊಟ್ಟೆಯಲ್ಲಿ ಒಂದು ಗಂಟು. "ಒಳ್ಳೇದಾಯ್ತು ಮರಿ" ಅಂದೆ. ಒಳ್ಳೆಯದೇ ಆಯಿತು, ಸತ್ತಿದ್ದರೆ ಹುಡುಗನಿಗೆ ಎದೆ ಒಡೆಯುತ್ತಿತ್ತು. ಆಮೇಲೆ ಅವನು ಅಮ್ಮನಿಗೆ ಫೋನು ಕೊಡು ಅಂದ. ರೇಖಾ ಕಿಟಕಿಯ ಕಡೆ ತಿರುಗಿಕೊಂಡು "ಹ್ಞೂಂ... ಹ್ಞೂಂ... ಸರಿ ಕಂದ, ನಿನ್ನಿಷ್ಟ" ಅಂದಳು. ಸ್ಕೂಲು ಹಡರ್ಸ್‌ಫೀಲ್ಡಿನಲ್ಲಿ ಎಂದು ತೀರ್ಮಾನವಾಯಿತು. ಈಗ ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ನಮ್ಮ ಹತ್ತಿರ. ಮೊದಲು ಅವನಿಗೆ ದೂರವಿದ್ದದ್ದು ಅಪ್ಪ, ಈಗ ನಾವು.

ವಿಭು ಅಲ್ಲಿಯ ಸ್ಕೂಲಿಗೆ ಸೇರಿದ ಮೊದಲ ಸೋಮವಾರ ರೇಖಾ ಕೆಲಸದಿಂದ ಬಂದು ಊಟಕ್ಕೆ ಕೂತಳು. ಅನ್ನ, ಬೇಳೆ ಸಾರು, ಬೀನ್ಸ್ ಪಲ್ಯ. ಅವಳು ಬೆರಳಿನಲ್ಲಿ ಅನ್ನವನ್ನು ಆಚೆಯಿಂದ ಈಚೆಗೆ ತಳ್ಳುತ್ತ ಕೂತಿದ್ದಳು. ನನ್ನ ಕೈ ಸೌಟಿನ ಮೇಲಿತ್ತು. ಇನ್ನೊಂದು ತುತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿ ತೆರೆದು ಹಿಂದೆ ಸರಿದ ಆ ಮರಿ ಕಣ್ಣ ಮುಂದೆ ಬಂತು. ಸೌಟು ಕೆಳಗಿಟ್ಟೆ. ಅಡಿಗೆಮನೆಯಿಂದ ಆಚೆ ಬಂದು ಬಾಗಿಲು ಎಳೆದುಕೊಂಡು, ಗೋಡೆಗೆ ತೂಗುಹಾಕಿದ ಕೋಟುಗಳ ಮಧ್ಯೆ ನಿಂತೆ. ಈ ದೇಶದಲ್ಲಿ ಅಡಿಗೆಮನೆಗೆ ಗಾಜಿನ ಬಾಗಿಲು ಇಡುತ್ತಾರೆ, ಅದು ನನಗೆ ಹೊಳೆಯಲಿಲ್ಲ.

"ಅಮ್ಮಾ, ಅಲ್ಲೇ ನಿಂತಿದೀಯ ಅಂತ ಗೊತ್ತು. ಹೋಗಿ ಮಲ್ಕೋ" ಅಂದಳು ಒಳಗಿನಿಂದ.

ಮೇಲೆ ಹೋದೆ. ಬೆಳಿಗ್ಗೆ ಇಳಿದು ಬಂದರೆ ತಟ್ಟೆ ತೊಳೆದು ಬೋರಲು ಹಾಕಿತ್ತು. ಕಸದ ಡಬ್ಬಿ ತೆಗೆದು ನೋಡಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಕಾಫಿಗೆ ನೀರಿಟ್ಟೆ. ನೀರು ಕಾಯುವವರೆಗೂ ತಡೆದೆ. ಆಮೇಲೆ ನೋಡಿದೆ. ಅನ್ನ ಒಂದಗುಳೂ ಇರಲಿಲ್ಲ, ಸಾರಿನ ಕರಿಬೇವು ಮಾತ್ರ ಇತ್ತು. ಅದನ್ನೂ ತಿನ್ನಬಹುದಾಗಿತ್ತು.